ಡ್ರಮ್‌ಹೆಲ್ಲರ್‌ಗೆ ಒಂದು ದಿನ: ಬೆಳಿಗ್ಗೆ ಕಣಿವೆ, ಮಧ್ಯಾಹ್ನ ಮ್ಯೂಸಿಯಂ

ಅಕ್ಕಾ ನಮಸ್ಕಾರ. ಗ್ರೂಪಲ್ಲಿ ನೀವು ಕೇಳಿದ್ದು ನೋಡ್ದೆ. ಗದಗದಿಂದ ಅತ್ತೆ ಮಾವ ಬರ್ತಿದಾರೆ, ಮಕ್ಕಳಿಬ್ರು ಇದಾರೆ, ಜುಲೈಲಿ ಒಂದು ಶನಿವಾರ ಕೆನಡಾದ ಈ ಕ್ಯಾಲ್ಗರಿಯಿಂದ ಡೈನೋಸಾರ್ ಮೂಳೆಗೆ ಹೆಸರಾದ ಡ್ರಮ್‌ಹೆಲ್ಲರ್ ಊರಿಗೆ ಹೋಗಿಬರ್ಬೇಕು. ಡೈನೋಸಾರ್ ಮ್ಯೂಸಿಯಂ, ಹೂಡೂಸ್ ಅನ್ನೋ ಮಣ್ಣಿನ ಕಂಬಗಳು, ಹನ್ನೊಂದು ಸೇತುವೆ, ಡೈನೋಸಾರ್ ಪಾರ್ಕ್ ಎಲ್ಲಾ ಒಂದೇ ದಿನಕ್ಕೆ ಆಗುತ್ತಾ ಅಂತ ತಾನೆ? ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ವಾಯ್ಸಲ್ಲೇ ಹೇಳ್ಬಿಡ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಅಡುಗೆ ಮಾಡ್ತಾ ಕೇಳಿ.

ಮೊದಲನೇದಾಗಿ, ಆ ಡೈನೋಸಾರ್ ಪಾರ್ಕ್‌ನ ಪಟ್ಟಿಯಿಂದ ತೆಗೆದುಹಾಕಿ. ಹೆಸರು ಕೇಳಿ ಎಲ್ರೂ ಮೋಸ ಹೋಗ್ತಾರೆ. ಡೈನೋಸಾರ್ ಪ್ರೊವಿನ್ಷಿಯಲ್ ಪಾರ್ಕ್ ಇರೋದು ಡ್ರಮ್‌ಹೆಲ್ಲರ್‌ನಲ್ಲಲ್ಲ, ಬ್ರೂಕ್ಸ್ ಹತ್ತಿರ. ಡ್ರಮ್‌ಹೆಲ್ಲರ್‌ನಿಂದ ಕಾರಲ್ಲಿ ಇನ್ನೂ ಎರಡು ಗಂಟೆ. 1979ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ ಅದೇ. ಅದಕ್ಕೆ ಬೇರೆ ಒಂದು ದಿನ ಇಟ್ಕೊಳ್ಳಿ.

ದಾರಿ ಸುಲಭ. ಹೈವೇ 2ರಲ್ಲಿ ಉತ್ತರಕ್ಕೆ ಹೋಗಿ, ಏರ್‌ಡ್ರಿ ದಾಟಿದ ಮೇಲೆ 72ಕ್ಕೆ ಬಲಕ್ಕೆ ತಿರುಗಿ, ಬೈಸೆಕರ್ ಹತ್ರ ಹೈವೇ 9 ಸೇರಿ. ಒಟ್ಟು 140 ಕಿಲೋಮೀಟರ್ ಆಸುಪಾಸು, ಒಂದೂವರೆ ಗಂಟೆ. ದಾರಿಯುದ್ದಕ್ಕೂ ಚಪ್ಪಟೆ ಹೊಲ, ಹಳದಿ ಕ್ಯಾನೋಲಾ. ಎಲ್ಲಿದೆ ಗುಡ್ಡ ಅಂತ ಹಿಂದಿನ ಸೀಟಿಂದ ಕೇಳ್ತಾನೇ ಇರ್ತಾರೆ. ಗುಡ್ಡ ಇಲ್ಲವೇ ಇಲ್ಲ, ಇದು ಹಳ್ಳ. ಹಿಮಯುಗ ಮುಗಿಯೋ ಹೊತ್ತಿಗೆ ಕರಗಿದ ನೀರು ನುಗ್ಗಿ ನೆಲಾನೇ ಕೊರೆದುಹಾಕಿದೆ. ಹಾಗಾಗಿ ಅಂಚಿಗೆ ಬರೋವರೆಗೂ ಏನೂ ಕಾಣಲ್ಲ.

ಈಗ ಮುಖ್ಯ ವಿಷಯ. ಮುಕ್ಕಾಲು ಪಾಲು ಜನ ಹತ್ತು ಗಂಟೆಗೆ ಮನೆ ಬಿಡ್ತಾರೆ, ಹನ್ನೊಂದೂವರೆಗೆ ಸೀದಾ ಮ್ಯೂಸಿಯಂಗೆ ಹೋಗಿ ಕ್ಯೂನಲ್ಲಿ ನಿಲ್ತಾರೆ, ಮೂರು ಗಂಟೆಗೆ ಹೊರಗೆ ಬಂದು ಆ ಸುಡುಬಿಸಿಲಲ್ಲಿ ಹೂಡೂಸ್ ನೋಡಕ್ಕೆ ಹೋಗ್ತಾರೆ. ಕಣಿವೆ ಒಳಗೆ ಗಾಳಿ ಆಡಲ್ಲ, ಒಂದು ಮರದ ನೆರಳಿಲ್ಲ, ಊರಿನ ಮೇಲ್ಗಡೆಗಿಂತ ಬಿಸಿ ಜಾಸ್ತಿ. ವಯಸ್ಸಾದವರು ಸುಸ್ತು, ಮಕ್ಕಳು ಅಳು. ನೀವು ಇದನ್ನ ತಿರುವುಮುರುವು ಮಾಡಿ. ಬೆಳಿಗ್ಗೆ ಏಳಕ್ಕೆ ಹೊರಡಿ, ಬಯಲಿನ ಜಾಗ ಎಲ್ಲಾ ತಂಪಲ್ಲಿ ಮುಗಿಸಿ, ಎರಡು ಗಂಟೆಗೆ ಎಸಿ ಇರೋ ಮ್ಯೂಸಿಯಂ ಒಳಗೆ ಹೋಗಿ. ಬೇಸಿಗೇಲಿ ಅದು ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ತೆರೆದಿರುತ್ತೆ, ಅವಸರ ಏನಿಲ್ಲ.

ಮೊದಲು ಸಿಗೋದು ಹಾರ್ಸ್‌ಶೂ ಕ್ಯಾನ್ಯನ್. ಊರಿಗೆ ಇನ್ನೂ 17 ಕಿಲೋಮೀಟರ್ ಇರುವಾಗ ಹೈವೇ 9ರ ಪಕ್ಕದಲ್ಲೇ ಇದೆ, ಪಾರ್ಕಿಂಗ್‌ಗೆ ದುಡ್ಡು ಕಟ್ಬೇಕು. ಅತ್ತೆ ಮಾವ ಮೇಲಿನ ಅಂಚಲ್ಲೇ ನಿಂತು ನೋಡಿದ್ರೆ ಸಾಕು, ಇಡೀ ಕಣಿವೆ ಕಾಣುತ್ತೆ. ಮಕ್ಕಳನ್ನ ಕರ್ಕೊಂಡು ನೀವು ಕೆಳಗಿಳಿಯಬಹುದು, ಆದ್ರೆ ಇಳಿದಷ್ಟೂ ಹತ್ತಬೇಕು ಅನ್ನೋದು ನೆನಪಿರಲಿ, ತಲೆಗೊಂದು ನೀರಿನ ಬಾಟಲಿ ಇರಲಿ. ಗೋಡೇಲಿ ಕಪ್ಪು ಪಟ್ಟೆ ಕಾಣುತ್ತಲ್ಲ, ಅದು ಕಲ್ಲಿದ್ದಲು. ಏಳು ಕೋಟಿ ವರ್ಷಕ್ಕೂ ಹಿಂದೆ ಇದು ಸಮುದ್ರದಂಚಿನ ಜೌಗು ಕಾಡು. ಕಾಡು ಕೊಳೆತು ಕಲ್ಲಿದ್ದಲಾಯ್ತು, ಅಲ್ಲೇ ಓಡಾಡ್ತಿದ್ದ ಡೈನೋಸಾರ್ ಮೂಳೆ ಕೆಸರಲ್ಲಿ ಹೂತು ಕಲ್ಲಾಯ್ತು. ಈ ಊರಿನ ಎರಡೂ ಕಥೆ ಒಂದೇ ಮಣ್ಣಿಂದು. 1884ರಲ್ಲಿ ಜೋಸೆಫ್ ಟಿರೆಲ್ ಅನ್ನೋ ಭೂವಿಜ್ಞಾನಿ ಕಲ್ಲಿದ್ದಲು ಹುಡುಕ್ತಾ ಬಂದವರು, ಸಿಕ್ಕಿದ್ದು ಒಂದು ಮಾಂಸಾಹಾರಿ ಡೈನೋಸಾರ್ ತಲೆಬುರುಡೆ. ಅದಕ್ಕೆ 1905ರಲ್ಲಿ ಆಲ್ಬರ್ಟೋಸಾರಸ್ ಅಂತ ಹೆಸರಿಟ್ರು, ಆಲ್ಬರ್ಟಾ ಪ್ರಾಂತ್ಯ ಆಗಿದ್ದೂ ಅದೇ ವರ್ಷ.

ಈ ಮಣ್ಣಿನ ಬಗ್ಗೆ ನಿಮ್ಮ ಮಾವನವರಿಗೆ ಯಾರೂ ಪಾಠ ಹೇಳೋ ಹಾಗಿಲ್ಲ. ಇದರಲ್ಲಿರೋದು ಬೆಂಟೋನೈಟ್, ಜ್ವಾಲಾಮುಖಿ ಬೂದಿಯಿಂದಾದ ಜೇಡಿ. ನೀರು ಕುಡಿದ್ರೆ ಉಬ್ಬುತ್ತೆ, ಒಣಗಿದ್ರೆ ಬಿರುಕು ಬಿಡುತ್ತೆ. ಗದಗದ ಎರೆಮಣ್ಣನ್ನ ಉಬ್ಬಿಸೋದೂ ಇದೇ ಜಾತಿ ಜೇಡಿಯೇ, ಬಣ್ಣ ಮಾತ್ರ ಬೇರೆ. ಮಳೆ ಬಿದ್ದ ಎರೆ ಹೊಲದಲ್ಲಿ ನಡೆದ್ರೆ ಏನಾಗುತ್ತೆ ಅಂತ ಅವರಿಗೆ ಗೊತ್ತು: ಮೊದಲು ಜಾರುತ್ತೆ, ಆಮೇಲೆ ಹೆಜ್ಜೆಗೆ ಎರಡೆರಡು ಕೆಜಿ ಅಂಟುತ್ತೆ. ಹಿಂದಿನ ರಾತ್ರಿ ಮಳೆ ಬಂದಿದ್ರೆ ಕೆಳಗಿಳಿಯೋ ಯೋಚನೆ ಬಿಡಿ. ಮೇಲೆ ಒಣಗಿದ ಹಾಗೆ ಕಂಡ್ರೂ ಒಳಗೆ ಸೋಪಿನ ಥರ ಇರುತ್ತೆ. ಬಾಡಿಗೆ ಕಾರಾದ್ರೆ ಕಾಲಡಿಗೆ ಹಾಸಕ್ಕೆ ಹಳೇ ಟವೆಲ್ ಇಟ್ಕೊಳ್ಳಿ, ಆ ಜೇಡಿ ಕಾರ್ಪೆಟ್‌ಗೆ ಹತ್ತಿದ್ರೆ ಬಿಡಲ್ಲ.

ಅಲ್ಲಿಂದ ಊರೊಳಗೆ ನಿಲ್ಲದೆ ಹೈವೇ 10ರಲ್ಲಿ ಆಗ್ನೇಯಕ್ಕೆ 16 ಕಿಲೋಮೀಟರ್ ಹೋದ್ರೆ ಹೂಡೂಸ್. ಒಂಬತ್ತೂವರೆ ಒಳಗೆ ಮುಟ್ಟಿಬಿಡಿ, ಪಾರ್ಕಿಂಗ್ ಚಿಕ್ಕದು. ಐದರಿಂದ ಏಳು ಮೀಟರ್ ಎತ್ತರದ ಮಣ್ಣಿನ ಕಂಬ, ತಲೆ ಮೇಲೊಂದು ಕಲ್ಲಿನ ಟೋಪಿ. ಮೇಲಿನ ಕಲ್ಲು ಗಟ್ಟಿ, ಕೆಳಗಿನ ಮಣ್ಣು ಮೆತ್ತಗೆ, ಕಲ್ಲು ಕೊಡೆ ಹಿಡಿದ ಹಾಗೆ ಕಾಪಾಡುತ್ತೆ. ಟೋಪಿ ಬಿದ್ರೆ ಕಂಬದ ಕಥೆ ಮುಗೀತು, ಮಳೆಗೆ ಬೇಗ ಕರಗಿಹೋಗುತ್ತೆ. ಅದಕ್ಕೇ ಬೇಲಿ ಹಾಕಿ ಮೆಟ್ಟಿಲು ಮಾಡಿದಾರೆ. ಫೋಟೋಗೋಸ್ಕರ ಮಕ್ಕಳನ್ನ ಬೇಲಿ ಒಳಗೆ ಬಿಡಬೇಡಿ. ನಿಜ ಹೇಳ್ಬೇಕಂದ್ರೆ ಜಾಗ ಪೋಸ್ಟ್‌ಕಾರ್ಡಲ್ಲಿ ಕಾಣೋಷ್ಟು ದೊಡ್ಡದಲ್ಲ, ಮುಕ್ಕಾಲು ಗಂಟೆ ಧಾರಾಳ ಆಯ್ತು.

ಇಲ್ಲಿಂದ ಎರಡು ದಾರಿ, ಒಂದು ಆರಿಸ್ಕೊಳ್ಳಿ. ಹನ್ನೊಂದು ಸೇತುವೆ ಬೇಕಂದ್ರೆ ವಾಪಸ್ ರೋಸ್‌ಡೇಲ್‌ಗೆ ಬಂದು 10ಎಕ್ಸ್ ರಸ್ತೆ ಹಿಡೀರಿ. ರೋಸ್‌ಬಡ್ ಅನ್ನೋ ಸಣ್ಣ ಹೊಳೆ ಹಾವಿನ ಥರ ಸುತ್ತೋದ್ರಿಂದ ವೇಯ್ನ್ ಅನ್ನೋ ಊರಿಗೆ ಹೋಗೋವಷ್ಟರಲ್ಲಿ ಅದನ್ನೇ ಹನ್ನೊಂದು ಸಲ ದಾಟ್ತೀರಿ. ಒಂದು ಕಾರು ಹಿಡಿಯೋ ಸೇತುವೆಗಳು, ಎದುರು ಕಾರು ಮೊದಲು ಬಂದಿದ್ರೆ ನೀವು ನಿಂತು ಬಿಡಬೇಕು. ವೇಯ್ನ್‌ನಲ್ಲಿರೋದು ಮುಖ್ಯವಾಗಿ 1913ರ ರೋಸ್‌ಡಿಯರ್ ಹೋಟೆಲ್, ಅದರ ಕೆಳಗೆ ಲಾಸ್ಟ್ ಚಾನ್ಸ್ ಸಲೂನ್ ಅನ್ನೋ ಬಾರು. ನಿಮ್ಮ ಅತ್ತೆಗೆ ಅಲ್ಲೇನೂ ಕೆಲಸವಿಲ್ಲ. ಆ ಕಡೆ ಫೋನ್ ಸಿಗ್ನಲ್ ನಂಬಬೇಡಿ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ.

ಇನ್ನೊಂದು ದಾರಿ, ಹೂಡೂಸ್‌ನಿಂದ ಮುಂದಕ್ಕೆ ಈಸ್ಟ್ ಕೂಲಿ, ಅಲ್ಲಿ ಅಟ್ಲಾಸ್ ಕಲ್ಲಿದ್ದಲು ಗಣಿ. ನನ್ನ ಕೇಳಿದ್ರೆ ಇದಕ್ಕೇ ಹೋಗಿ. 1911ರಿಂದ 1979ರವರೆಗೆ ಈ ಕಣಿವೇಲಿ 139 ಗಣಿ ನೋಂದಣಿ ಆಗಿದ್ವು. ಕೊನೇ ಲೋಡ್ ಕಳಿಸಿದ್ದು ಅಟ್ಲಾಸೇ. 1947ರಲ್ಲಿ ಲೆಡಕ್‌ನಲ್ಲಿ ಎಣ್ಣೆ ಸಿಕ್ಕಿದ ಮೇಲೆ ಮನೆಗಳೆಲ್ಲ ಗ್ಯಾಸ್‌ಗೆ ತಿರುಗಿ, ಕಲ್ಲಿದ್ದಲು ಕೇಳೋರಿಲ್ಲದ ಹಾಗಾಯ್ತು. ಗಣಿಯಿಂದ ಬಂದ ಕಲ್ಲಿದ್ದಲನ್ನ ಗಾತ್ರದ ಪ್ರಕಾರ ಜರಡಿ ಹಿಡಿದು ರೈಲಿಗೆ ತುಂಬೋ ಮರದ ಕಟ್ಟಡಕ್ಕೆ ಟಿಪಲ್ ಅಂತಾರೆ. ಕೆನಡಾದಲ್ಲಿ ನಿಂತಿರೋ ಕೊನೇ ಮರದ ಟಿಪಲ್ ಇದು. ಟಿಪಲ್ ಒಳಗೂ ಸುರಂಗಕ್ಕೂ ಗೈಡ್ ಜೊತೆ ಟೂರ್‌ನಲ್ಲೇ ಹೋಗ್ಬೇಕು, ಟೈಮ್ ಮೊದಲೇ ಬುಕ್ ಮಾಡಿ. ಮೆಟ್ಟಿಲು, ಏರು ಜಾಸ್ತಿ, ಮಂಡಿ ನೋವಿದ್ದವರು ಕೆಳಗೇ ಸುತ್ತಾಡಬಹುದು.

ದಾರೀಲಿ ರೋಸ್‌ಡೇಲ್‌ನಲ್ಲಿ ತೂಗುಸೇತುವೆ ಒಂದಿದೆ, 117 ಮೀಟರ್ ಉದ್ದ, ಗಣಿ ಕೆಲಸಗಾರರು ನದಿ ದಾಟಕ್ಕೆ 1931ರಲ್ಲಿ ಕಟ್ಟಿದ್ದು. ಹೊರಡೋ ಮುಂಚೆ ತೆರೆದಿದೆಯಾ ನೋಡ್ಕೊಳ್ಳಿ, ರಿಪೇರಿಗೆ ಮುಚ್ಚೋದುಂಟು.

ಊಟ ಮನೆಯಿಂದಲೇ ಕಟ್ಕೊಂಡು ಹೋಗಿ. ಚಪಾತಿ ಪಲ್ಯ, ಪುಳಿಯೋಗರೆ ಆದ್ರೆ ಬಿಸಿಲಿಗೆ ಕೆಡಲ್ಲ, ಮೊಸರನ್ನ ಐಸ್ ಇರೋ ಕೂಲರ್‌ನಲ್ಲೇ ಇರಲಿ. ಮ್ಯೂಸಿಯಂ ಸುತ್ತ ಇರೋ ಮಿಡ್‌ಲ್ಯಾಂಡ್ ಪಾರ್ಕ್‌ನಲ್ಲಿ ಕೂತು ತಿನ್ನಬಹುದು. ನದಿ ಹತ್ರ ಸೊಳ್ಳೆ ಕಾಟ ಇರುತ್ತೆ, ಸ್ಪ್ರೇ ಮರೀಬೇಡಿ.

ರಾಯಲ್ ಟಿರೆಲ್ ಮ್ಯೂಸಿಯಂ ಊರಿಂದ ವಾಯವ್ಯಕ್ಕೆ 6 ಕಿಲೋಮೀಟರ್, ನಾರ್ತ್ ಡೈನೋಸಾರ್ ಟ್ರೇಲ್ ಮೇಲೆ. 1985ರಲ್ಲಿ ಶುರುವಾಗಿದ್ದು. ಮಕ್ಕಳು ಟಿ. ರೆಕ್ಸ್ ಕಡೆ ಓಡ್ತಾರೆ, ಓಡಲಿ. ಬ್ಲ್ಯಾಕ್ ಬ್ಯೂಟಿ ಅನ್ನೋ ಟಿ. ರೆಕ್ಸ್ ಅಲ್ಲಿದೆ, ಮ್ಯಾಂಗನೀಸ್ ಸೇರಿ ಮೂಳೆ ಕಪ್ಪಾಗಿವೆ. ಆದ್ರೆ ನೀವು ನಿಧಾನಕ್ಕೆ ನಿಂತು ನೋಡಬೇಕಾದ್ದು ಬೊರಿಯಲೋಪೆಲ್ಟಾ ಅನ್ನೋ ಕವಚದ ಡೈನೋಸಾರ್. 2011ರಲ್ಲಿ ಫೋರ್ಟ್ ಮೆಕ್‌ಮರ್ರಿ ಹತ್ರ ಎಣ್ಣೆಮರಳಿನ ಗಣಿ ಅಗೆಯುವಾಗ ಸಿಕ್ಕಿದ್ದು, 11 ಕೋಟಿ ವರ್ಷ ಹಳೇದು. ಬರೀ ಮೂಳೆ ಅಲ್ಲ, ಮೈಮೇಲಿನ ಕವಚ, ಚರ್ಮ ಇದ್ದ ಹಾಗೇ ಕಲ್ಲಾಗಿದೆ. ಮಲಗಿದ ಪ್ರಾಣಿ ಥರ ಕಾಣುತ್ತೆ. ಮ್ಯೂಸಿಯಂನ ತಂತ್ರಜ್ಞ ಮಾರ್ಕ್ ಮಿಚೆಲ್ ಸುಮಾರು 7,000 ಗಂಟೆ ಕೂತು ಕಲ್ಲು ಕೆರೆದು ಅದನ್ನ ಬಿಡಿಸಿದ್ರು, ಅದರ ಪೂರ್ತಿ ಹೆಸರಲ್ಲಿ ಅವರ ಹೆಸರೂ ಸೇರಿದೆ. ಹೊಟ್ಟೇಲಿ ಕೊನೇ ಊಟದ ಜರೀಗಿಡ ಕೂಡ ಉಳಿದಿತ್ತು. ಒಳಗೆ ಮೂರು ಗಂಟೆ ಇಟ್ಕೊಳ್ಳಿ. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತಗೊಳ್ಳಿ.

ಕಲ್ಲು ಹೆಕ್ಕೋ ವಿಷಯ ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ. ಪಾರ್ಕ್‌ಗಳಲ್ಲಿ ಏನೂ ಎತ್ಕೊಳ್ಳೋ ಹಾಗಿಲ್ಲ. ಪರವಾನಗಿ ಇಲ್ಲದೆ ಅಗೆಯೋದು, ಪಳೆಯುಳಿಕೆನ ಆಲ್ಬರ್ಟಾದಿಂದ ಹೊರಗೆ ಒಯ್ಯೋದು ಕಾನೂನು ಪ್ರಕಾರ ತಪ್ಪು. ಮೂಳೆ ಥರ ಏನಾದ್ರೂ ಕಂಡ್ರೆ ಇದ್ದಲ್ಲೇ ಬಿಟ್ಟು, ಫೋಟೋ ತೆಗೆದು, ಜಾಗ ಗುರುತು ಮಾಡಿ ಮ್ಯೂಸಿಯಂಗೆ ತಿಳಿಸಿ.

ಐದು ಗಂಟೆಗೆ ಹೊರಬಂದ್ರೂ ಬೆಳಕು ಒಂಬತ್ತೂವರೆವರೆಗೂ ಇರುತ್ತೆ. ಮಕ್ಕಳು ಹಟ ಮಾಡಿದ್ರೆ ಊರೊಳಗಿನ ಆ ದೊಡ್ಡ ಡೈನೋಸಾರ್ ಪ್ರತಿಮೆ ಹತ್ತಿಸಿ. 25 ಮೀಟರ್‌ಗೂ ಹೆಚ್ಚು ಎತ್ತರ, ನಿಜವಾದ ಟಿ. ರೆಕ್ಸ್‌ಗಿಂತ ಎಷ್ಟೋ ಪಟ್ಟು ದೊಡ್ಡದು. ಒಳಗೆ 106 ಮೆಟ್ಟಿಲು ಹತ್ತಿ ಬಾಯಲ್ಲಿ ನಿಂತು ಊರು ನೋಡೋದು. ದೊಡ್ಡವರಿಗೆ ಕೆಳಗಿಂದ ಫೋಟೋ ಸಾಕು.

ಸುಸ್ತಾಗಿಲ್ಲ ಅಂದ್ರೆ ಮ್ಯೂಸಿಯಂನಿಂದ ಹಾಗೇ ಮುಂದಕ್ಕೆ ಡೈನೋಸಾರ್ ಟ್ರೇಲ್ ಸುತ್ತು ಹಾಕಿ, ಪೂರ್ತಿ 48 ಕಿಲೋಮೀಟರ್. ಆರೇ ಜನ ಕೂರೋ ಪುಟ್ಟ ಚರ್ಚು, ಹಾರ್ಸ್‌ಥೀಫ್ ಕ್ಯಾನ್ಯನ್, ಆಮೇಲೆ ಬ್ಲೆರಿಯೋ ಫೆರಿ. ಕಬ್ಬಿಣದ ಹಗ್ಗಕ್ಕೆ ಕಟ್ಟಿದ ಚಪ್ಪಟೆ ದೋಣಿ, ಕಾರ್ ಸಮೇತ ರೆಡ್ ಡಿಯರ್ ನದಿ ದಾಟಿಸುತ್ತೆ, ದುಡ್ಡಿಲ್ಲ. 1913ರಿಂದ ನಡೀತಿದೆ. ಸಂಜೆ ಬಿಸಿಲಲ್ಲಿ ಕಣಿವೆ ಬಣ್ಣ ನೋಡಕ್ಕೆ ಇದೇ ಸರಿಯಾದ ಹೊತ್ತು, ಮಧ್ಯಾಹ್ನ ಎಲ್ಲಾ ಬಿಳಿಚಿಕೊಂಡಿರುತ್ತೆ. ನದೀಲಿ ನೀರು ಹೆಚ್ಚಾದ್ರೆ ಫೆರಿ ನಿಲ್ಲಿಸ್ತಾರೆ, ಬಂದ ದಾರೀಲೇ ವಾಪಸ್ ಬರ್ಬೇಕಾಗುತ್ತೆ, ಅದಕ್ಕೆ ಮ್ಯೂಸಿಯಂ ಬಿಡೋ ಮುಂಚೆ 511 ಆಲ್ಬರ್ಟಾ ಅನ್ನೋ ರಸ್ತೆ ಮಾಹಿತಿ ಸೈಟಲ್ಲಿ ನೋಡಿ. ದಾಟಿದ ಮೇಲೆ ಆ ಕಡೆ ದಂಡೆಯ ಆರ್ಕ್ನಿ ವ್ಯೂಪಾಯಿಂಟ್‌ನಲ್ಲಿ ಅತ್ತೆ ಮಾವನ್ನ ಇಳಿಸಿ, ನಡೆಯೋ ಕೆಲಸವೇ ಇಲ್ಲದೆ ನದಿ ಪೂರ್ತಿ ಕಾಣುತ್ತೆ. ಪೆಟ್ರೋಲ್ ಮಾತ್ರ ಊರೊಳಗೇ ಹಾಕಿಸ್ಕೊಂಡಿರಿ. ವಾಪಸ್ ಬರುವಾಗ ಹೈವೇ 9ರಲ್ಲಿ ಮುಸ್ಸಂಜೆ ಹೊತ್ತಿಗೆ ಜಿಂಕೆ ದಿಢೀರ್ ಅಂತ ಅಡ್ಡ ಬರ್ತವೆ, ಭಾವನವರಿಗೆ ನಿಧಾನ ಓಡಿಸಕ್ಕೆ ಹೇಳಿ.