ಡೈನೋ ಮೇಲೆ ರಾಡ್ ಹೊರಬಿದ್ದ ಪುಲ್ಲಿಂಗ್ ಇಂಜಿನ್: ಮೊದಲು ಮುರಿದದ್ದು ಯಾವುದು?

ಕೇಳಿದ್ದು: ಟ್ರ್ಯಾಕ್ಟರ್ ಪುಲ್ಲಿಂಗಿಗೆಂದು (ಭಾರದ ಸ್ಲೆಡ್ಡನ್ನು ಟ್ರ್ಯಾಕ್ಟರಿನಿಂದ ಎಳೆಯುವ ಸ್ಪರ್ಧೆ) ಕಟ್ಟಿದ ಆರು ಸಿಲಿಂಡರಿನ 5.9 ಲೀಟರ್ ಡೀಸೆಲ್ ಇಂಜಿನ್. ಬೋರ್ 102, ಸ್ಟ್ರೋಕ್ 120 ಮಿ.ಮೀ. ಒಂದರ ಹಿಂದೆ ಒಂದು ಎರಡು ಟರ್ಬೊ, ಟರ್ಬೊ ಗಾಳಿಯನ್ನು ತಣಿಸುವ ಐಸ್ ನೀರಿನ ಇಂಟರ್‌ಕೂಲರ್, ಮೆಕ್ಯಾನಿಕಲ್ ಇನ್‌ಲೈನ್ ಪಂಪ್. ವಾಟರ್ ಬ್ರೇಕ್ ಡೈನೋದಲ್ಲಿ (ನೀರಿನಿಂದ ಲೋಡ್ ಕೊಟ್ಟು ಇಂಜಿನ್ನಿನ ಶಕ್ತಿ ಅಳೆಯುವ ಯಂತ್ರ) ನಾಲ್ಕನೇ ಪುಲ್ (ಪೂರ್ತಿ ಲೋಡಿನ ಓಟ), 4,600 ಆರ್‌ಪಿಎಂ ಹತ್ತಿರ ಐದನೇ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ದಂಡ) ಬ್ಲಾಕ್ ಒಡೆದು ಹೊರಬಂತು, ಕ್ರ್ಯಾಂಕ್ ಎರಡು ತುಂಡು. ಮೂರನೇ ಪುಲ್‌ಗಿಂತ ನಾಲ್ಕನೆಯದರಲ್ಲಿ ಟಾರ್ಕ್ ಕಡಿಮೆ ಇತ್ತು. ಕಾರಣ ಹಿಡಿಯುವುದು ಹೇಗೆ? ಮುಂದಿನದನ್ನು ಡೈನೋಗೆ ಏರಿಸುವ ಮುಂಚೆ ಏನೇನು ನೋಡಬೇಕು?

ಇಂಜಿನ್ ಕಟ್ಟುವವರ ಉತ್ತರ: ಒಂದು ಚೂರನ್ನೂ ಬಿಸಾಡಬೇಡಿ. ಸಂಪಿನ (ಇಂಜಿನ್ ತಳದ ಆಯಿಲ್ ತೊಟ್ಟಿ) ಆಯಿಲನ್ನು ಜರಡಿ ಹಿಡಿದು, ಸಿಕ್ಕಿದ್ದನ್ನೆಲ್ಲ ಸಿಲಿಂಡರ್ ಪ್ರಕಾರ ಮೇಜಿನ ಮೇಲೆ ಜೋಡಿಸಿ. ಎಲ್ಲಕ್ಕಿಂತ ನುಜ್ಜುಗುಜ್ಜಾದ ಭಾಗವೇ ಕಾರಣ ಅಂದುಕೊಳ್ಳುವುದು ಸಾಮಾನ್ಯ ತಪ್ಪು. ಮೊದಲು ಮುರಿದದ್ದು ಎಷ್ಟೋ ಸಲ ಚೊಕ್ಕವಾಗಿಯೇ ಇರುತ್ತದೆ, ಅದರ ನಂತರ ಸಿಕ್ಕಿಕೊಂಡವು ಪುಡಿಯಾಗಿರುತ್ತವೆ.

ರಾಡ್ ಬೋಲ್ಟಿನಿಂದ ಶುರು ಮಾಡಿ. ಮುರಿದ ಜಾಗದಲ್ಲಿ ಬೋಲ್ಟ್ ಎಳೆದು ಸಣ್ಣಗಾಗಿದ್ದರೆ ಅದು ಒಂದೇ ಏಟಿಗೆ ಹೋದದ್ದು. ಮುರಿದ ಮುಖ ಚಪ್ಪಟೆಯಾಗಿದ್ದು, ಕಪ್ಪೆಚಿಪ್ಪಿನ ಮೇಲಿರುವಂಥ ಗೆರೆ ಕಂಡರೆ ಆಯಾಸದ ಬಿರುಕು. ಹೆಚ್ಚಾಗಿ ಬಿಗಿತ ಕಡಿಮೆಯಾದದ್ದರಿಂದ ಬರುವುದು. ಬಿಗ್ ಎಂಡ್ (ರಾಡ್ ಕ್ರ್ಯಾಂಕನ್ನು ಹಿಡಿಯುವ ತುದಿ) ನೀಲಿ-ಕಪ್ಪಾಗಿದ್ದರೆ ಬೇರಿಂಗಿಗೆ ಆಯಿಲ್ ಸಿಗದೆ ಮೊದಲು ಅದೇ ಹಿಡಿದುಕೊಂಡಿದೆ.

ಇನ್ನೊಂದು ಕೆಲಸ ಇದೆ, ಬಹಳ ಜನ ಬಿಡುವುದು ಇದನ್ನೇ. ಉಳಿದ ಐದು ಪಿಸ್ಟನ್ನುಗಳನ್ನು ಬಿಚ್ಚುವ ಮೊದಲು, ಒಂದೊಂದನ್ನೂ ಪೂರ್ತಿ ಮೇಲೆ ತಂದು ಡೆಕ್‌ನಿಂದ, ಅಂದರೆ ಬ್ಲಾಕಿನ ಮೇಲ್ಮೈಯಿಂದ, ಎಷ್ಟು ಎತ್ತರ ಇದೆ ಎಂದು ಡಯಲ್ ಗೇಜಿನಲ್ಲಿ ಅಳೆಯಿರಿ. ಕ್ರ್ಯಾಂಕ್ ತುಂಡಾಗಿರುವುದರಿಂದ ಮುಂದಿನ ಭಾಗ, ಹಿಂದಿನ ಭಾಗ ಬೇರೆ ಬೇರೆ ತಿರುಗಿಸಬೇಕಾದೀತು. ಕಟ್ಟುವಾಗ ಬರೆದಿಟ್ಟ ಅಳತೆಗಿಂತ ಕೆಳಗೆ ಕೂತಿದ್ದರೆ ಆ ರಾಡ್ ಬಾಗಿದೆ.

ಲೆಕ್ಕ ಹೀಗಿದೆ. 102 ಮಿ.ಮೀ. ಪಿಸ್ಟನ್ ತಲೆಯ ವಿಸ್ತೀರ್ಣ ಸುಮಾರು 81.7 ಚದರ ಸೆಂ.ಮೀ. ಸಿಲಿಂಡರ್ ಒತ್ತಡ 300 ಬಾರ್ ಮುಟ್ಟಿದರೆ ರಾಡ್ ಮೇಲೆ 25 ಟನ್ ಭಾರ. ಅದೇ 4,600 ಆರ್‌ಪಿಎಂನಲ್ಲಿ, ಪಿಸ್ಟನ್ನು ಪಿನ್ನು ಸೇರಿ 2 ಕೆ.ಜಿ. ಅಂದುಕೊಂಡರೆ, ಎಕ್ಸಾಸ್ಟ್ ಸ್ಟ್ರೋಕಿನ ತುದಿಯಲ್ಲಿ ಬೋಲ್ಟುಗಳನ್ನು ಎಳೆಯುವ ಬಲ 3.7 ಟನ್ ಆಸುಪಾಸು. ಡೀಸೆಲ್ ಹೆಚ್ಚಿಸಿದರೆ ರಾಡ್ ಬಾಗುತ್ತದೆ, ಆರ್‌ಪಿಎಂ ಹೆಚ್ಚಿಸಿದರೆ ಬೋಲ್ಟ್ ಹೋಗುತ್ತದೆ. ಎಳೆತ ಆರ್‌ಪಿಎಂನ ವರ್ಗದಂತೆ ಏರುವುದರಿಂದ 5,500ಕ್ಕೆ ಅದು ಇನ್ನೂ ಶೇ. 43 ಜಾಸ್ತಿ.

ಹೊಸ ಬೋಲ್ಟ್ ಹಾಕುವಾಗ ಟಾರ್ಕ್ ರೆಂಚನ್ನು ಮಾತ್ರ ನಂಬಬೇಡಿ, ಬೋಲ್ಟ್ ಎಷ್ಟು ಹಿಗ್ಗಿದೆ ಎಂದು ಸ್ಟ್ರೆಚ್ ಗೇಜಿನಲ್ಲಿ ಅಳೆದೇ ಬಿಗಿ ಮಾಡಿ. ಬಿಡಿ ಬೋಲ್ಟಿನ ಉದ್ದ ಬರೆದಿಟ್ಟುಕೊಂಡು, ಮುಂದೆ ಬಿಚ್ಚಿದಾಗ 0.025 ಮಿ.ಮೀ. ಉದ್ದವಾಗಿ ಉಳಿದಿದ್ದರೂ ಅದನ್ನು ಎಸೆಯಿರಿ.

ಡೈನೋ ನಡೆಸುವವರ ಉತ್ತರ: ನಾಲ್ಕನೇ ಪುಲ್‌ನಲ್ಲಿ ಟಾರ್ಕ್ ಬಿದ್ದಿತ್ತಲ್ಲ, ಅಲ್ಲೇ ನಿಲ್ಲಿಸಬೇಕಿತ್ತು. ಡೀಸೆಲ್, ಟೈಮಿಂಗ್ (ಡೀಸೆಲ್ ಚಿಮ್ಮುವ ಹೊತ್ತು) ಎರಡನ್ನೂ ಮುಟ್ಟದೆ ಟಾರ್ಕ್ ಇಳಿದರೆ ಮತ್ತೊಂದು ಪುಲ್ ಮಾಡಿ ನೋಡೋಣ ಅನ್ನುವ ಮಾತೇ ಬೇಡ.

ಲಾಗಿನಲ್ಲಿ ಏನೇನಿದೆ ನೋಡಿ. ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಜೊತೆಗೇ ಇಳಿದಿದ್ದರೆ ಪೈಪ್ ಎಲ್ಲೋ ಬಿಟ್ಟಿದೆ. ಕ್ರ್ಯಾಂಕ್‌ಕೇಸ್ ಒತ್ತಡ ಥಟ್ಟನೆ ಏರಿದ್ದರೆ ಪಿಸ್ಟನ್ ಇಲ್ಲವೇ ರಿಂಗ್. ಕೂಲಂಟ್ ಒತ್ತಡ ಏರಿದ್ದರೆ ಸಿಲಿಂಡರ್ ಹೆಡ್ ಬ್ಲಾಕಿನಿಂದ ಮೇಲೇಳುತ್ತಿದೆ. ಉಷ್ಣತೆಯ ಗೇಜ್ ಅಲ್ಲಾಡುವ ಮೊದಲೇ ಇದು ತೋರಿಸುತ್ತದೆ, ಹಾಗಾಗಿ ಅಲ್ಲೊಂದು ಪ್ರೆಶರ್ ಸೆನ್ಸರ್ ಹಾಕಿ. ಎಕ್ಸಾಸ್ಟ್ ಉಷ್ಣತೆ ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಬೇಕು, ಸರಾಸರಿಯಿಂದ ಉಪಯೋಗವಿಲ್ಲ. ಸೆಕೆಂಡಿಗೆ 100 ಓದುಗಳಾದರೂ ಇರಲಿ.

ಕ್ರ್ಯಾಂಕ್ ತುಂಡಾದ ಮುಖವನ್ನೂ ನೋಡಿ. ಬಿರುಕು ಫಿಲೆಟ್ಟಿನಿಂದಲೋ (ಕ್ರ್ಯಾಂಕಿನ ದುಂಡಾಗಿಸಿದ ಒಳಮೂಲೆ) ಆಯಿಲ್ ತೂತಿನಿಂದಲೋ ಹೊರಟು 45 ಡಿಗ್ರಿಯಲ್ಲಿ ಸುತ್ತಿಕೊಂಡು ಹೋಗಿದ್ದರೆ ತಿರುಚುವ ಕಂಪನ. ಇನ್‌ಲೈನ್ ಆರರಲ್ಲಿ ಆ ಕಂಪನದ ಒತ್ತಡ ಫ್ಲೈವೀಲ್ ಕಡೆ, ಅಂದರೆ ಐದು-ಆರರ ಹತ್ತಿರವೇ ಜಾಸ್ತಿ. 4,600ರಲ್ಲಿ ಮೂರನೇ ಆರ್ಡರ್ (ಒಂದು ಸುತ್ತಿಗೆ ಮೂರು ಸಲದ) ಕಂಪನ ಸೆಕೆಂಡಿಗೆ 230 ಸಲ. ಡೈನೋ ಶಾಫ್ಟ್ ಮತ್ತು ಕಪ್ಲಿಂಗ್ ಸೇರಿದ ಮೇಲೆ ಇಡೀ ಸರಪಳಿಯ ಸ್ವಭಾವವೇ ಬದಲಾಗುತ್ತದೆ. ಟ್ರ್ಯಾಕ್ಟರಿನಲ್ಲಿ ತೊಂದರೆ ಕೊಡದ ಇಂಜಿನ್ ಇಲ್ಲಿ ಕೊಡಬಹುದು. ಈ ಕಂಪನ ತಗ್ಗಿಸುವ ವಿಸ್ಕಸ್ ಡ್ಯಾಂಪರಿನ ಹೊರಮೈಯಲ್ಲಿ ಒಂದು ತಗ್ಗು ಬಿದ್ದಿದ್ದರೂ ಒಳಗಿನ ರಿಂಗ್ ಹಿಡಿದುಕೊಳ್ಳುತ್ತದೆ. ಅಂಥದ್ದನ್ನು ಗುಜರಿಗೆ ಹಾಕಿ.

ಡೈನೋ ನೀರು: 1,000 ಕಿಲೋವ್ಯಾಟ್ ಹೀರಲು, ನೀರು 40 ಡಿಗ್ರಿ ಬಿಸಿಯಾಗಬಹುದು ಅಂದರೆ, ಸೆಕೆಂಡಿಗೆ 6 ಲೀಟರ್, ನಿಮಿಷಕ್ಕೆ 360 ಲೀಟರ್ ಬೇಕು. ಮಧ್ಯದಲ್ಲಿ ನೀರಿನ ಒತ್ತಡ ಬಿದ್ದರೆ ಲೋಡ್ ಮಾಯ, ಇಂಜಿನ್ ಗಗನಕ್ಕೆ. ನೀರಿನ ಒತ್ತಡಕ್ಕೂ ಡೀಸೆಲ್ ಕಟ್-ಆಫ್‌ಗೂ ಇಂಟರ್‌ಲಾಕ್ ಕೊಡಿ.

ಒಂದೊಂದು ಪುಲ್ 6–8 ಸೆಕೆಂಡಿನಲ್ಲಿ ಮುಗಿಯಲಿ. ಬ್ಲಾಕ್‌ಗೆ ಫಿಲ್ಲರ್ (ನೀರಿನ ದಾರಿಗಳನ್ನು ಮುಚ್ಚುವ ಗಟ್ಟಿ ಗಾರೆ) ತುಂಬಿದ ಇಂಜಿನ್ನಿಗೆ ಹೊತ್ತುಗಟ್ಟಲೆ ಲೋಡ್ ಹಿಡಿದರೆ ಶಾಖ ಹೋಗಲು ದಾರಿಯೇ ಇಲ್ಲ. ಪರದೆಯ ಮೇಲೆ ದೊಡ್ಡ ಅಂಕಿ ನಿಲ್ಲಿಸಿ ನೋಡುವ ಆಸೆಗೆ ಎಷ್ಟೋ ಪಿಸ್ಟನ್ ಕರಗಿವೆ.

ಪಂಪ್, ನಾಜಲ್ ಕೆಲಸದವರ ಉತ್ತರ: ಮೇಲಿನವರು ಟಾರ್ಕ್ ಬಿದ್ದರೆ ಏನು ನೋಡಬೇಕು ಎಂದು ಹೇಳಿದರು, ಟೈಮಿಂಗ್ ಬಿಟ್ಟುಹೋಯಿತು. ಪಂಪ್ ಗೇರ್ ಕೀ (ಗೇರ್ ಜಾರದಂತೆ ಹಿಡಿಯುವ ಲೋಹದ ತುಂಡು) ಇಲ್ಲದೆ ಬರೀ ಟೇಪರಿನ (ಶಾಫ್ಟಿನ ಚೂಪಾಗುತ್ತ ಹೋಗುವ ತುದಿ) ಮೇಲೆ ಕೂರುವಂಥದ್ದಾದರೆ ಅದು ಜಾರುತ್ತದೆ. ಟೈಮಿಂಗ್ ಹಿಂದೆ ಬಿದ್ದು ಟಾರ್ಕ್ ಇಳಿಯುತ್ತದೆ, ಆರೂ ಸಿಲಿಂಡರಿನ ಎಕ್ಸಾಸ್ಟ್ ಉಷ್ಣತೆ ಒಟ್ಟಿಗೆ ಏರುತ್ತದೆ. ಗೇರಿಗೂ ಶಾಫ್ಟಿಗೂ ಗುರುತು ಹಾಕಿಡಿ. ಕೂರಿಸುವಾಗ ಟೇಪರ್ ಎರಡೂ ಕಡೆ ಒಣಗಿರಬೇಕು, ಎಣ್ಣೆಯ ಬೆರಳಚ್ಚೂ ಇರಬಾರದು.

ನನಗೆ ಹೆಚ್ಚು ಅನುಮಾನ ಇಂಟರ್‌ಕೂಲರ್ ಮೇಲೆ. ಕೋರ್ ಸೋರಿದರೆ ಇಂಜಿನ್ ನಿಂತಿದ್ದಾಗ ಐಸ್ ನೀರು ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಗಾಳಿ ಹಂಚುವ ಪೈಪ್) ಇಳಿಯುತ್ತದೆ. ಸ್ಟಾರ್ಟ್ ಮಾಡಿದಾಗ ಒಂದು ಸಿಲಿಂಡರಿನಲ್ಲಿ ನೀರು ಸಿಕ್ಕಿಕೊಂಡು ರಾಡ್ ಸ್ವಲ್ಪವೇ ಬಾಗುತ್ತದೆ, ಆದರೆ ಇಂಜಿನ್ ಓಡುತ್ತದೆ. ಮುರಿಯುವುದು ಒಂದೆರಡು ಪುಲ್ ಆದಮೇಲೆ, ಆಗ ಬೈಗುಳ ತಿನ್ನುವುದು ರಾಡ್ ಮಾಡಿದವರು. ರಾಡ್ ಬಾಗಿದ ಸಿಲಿಂಡರಿನಲ್ಲಿ ಕಂಪ್ರೆಶನ್ ಇಳಿಯುತ್ತದೆ, ಟಾರ್ಕೂ ಇಳಿಯುತ್ತದೆ. ಸೋರುವ ನಾಜಲ್ಲಿನಿಂದ ಡೀಸೆಲ್ ತುಂಬಿದರೂ ಇದೇ ಕಥೆ. ಕೋರಿಗೆ ಗಾಳಿ ತುಂಬಿ ನೀರಲ್ಲಿ ಮುಳುಗಿಸಿ ನೋಡಿ.

ಹೊಸ ಇಂಜಿನ್ನಿಗೆ ಕೊನೆಯ ಟೈಮಿಂಗಿಗಿಂತ 4–5 ಡಿಗ್ರಿ ಹಿಂದೆ, ರ‍್ಯಾಕ್ (ಪಂಪ್ ಕೊಡುವ ಡೀಸೆಲ್ ಪ್ರಮಾಣ) ಕಮ್ಮಿ ಇಟ್ಟು ಶುರುಮಾಡಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ.

ಸುರಕ್ಷತೆ ನೋಡಿಕೊಳ್ಳುವವರ ಉತ್ತರ: ಟರ್ಬೊ ಸೀಲ್ ಹೋಗಿ ಇಂಜಿನ್ ತನ್ನದೇ ಆಯಿಲ್ ಕುಡಿದು ಓಡಲು ಶುರುಮಾಡಿದರೆ ಡೀಸೆಲ್ ನಿಲ್ಲಿಸಿ ಪ್ರಯೋಜನವಿಲ್ಲ, ಗಾಳಿ ಮುಚ್ಚಬೇಕು. ಶಟ್-ಆಫ್ ಪ್ಲೇಟ್ ಮ್ಯಾನಿಫೋಲ್ಡಿಗೆ ಆದಷ್ಟು ಹತ್ತಿರ ಇರಲಿ. ಪ್ಲೇಟಿನಿಂದ ಮುಂದಿನ ಪೈಪ್ ಕಳಚಿಕೊಂಡರೆ ಇಂಜಿನ್ ಅಲ್ಲಿಂದಲೇ ಉಸಿರಾಡುತ್ತದೆ. ಪ್ರತಿದಿನ ಐಡಲ್‌ನಲ್ಲಿ ಎಳೆದು ನೋಡಿ, ಇಂಜಿನ್ ತಕ್ಷಣ ನಿಲ್ಲಬೇಕು. ಎಳೆಯುವ ಹಿಡಿ ಕೋಣೆಯ ಹೊರಗಿರಲಿ.

ಫ್ಲೈವೀಲ್, ಡ್ಯಾಂಪರ್, ಟರ್ಬೊ ತಿರುಗುವ ಸಮತಲದಲ್ಲಿ ಯಾರೂ ನಿಲ್ಲಬಾರದು, ಕ್ಯಾಮೆರಾ ಹಿಡಿದವರೂ ಅಷ್ಟೆ. ಎಕ್ಸಾಸ್ಟ್ ಪೈಪಿಗೆ ಟರ್ಬೊ ಹತ್ತಿರವೇ 10 ಮಿ.ಮೀ. ಬೋಲ್ಟ್ ಎರಡನ್ನು ಅಡ್ಡಡ್ಡ, 90 ಡಿಗ್ರಿಯಲ್ಲಿ ಹಾಯಿಸಿ; ಒಡೆದ ಟರ್ಬೈನ್ ಚಕ್ರ ಹೊರಗೆ ಹಾರುವುದನ್ನು ಅವು ತಡೆಯುತ್ತವೆ. ಒಡೆದ ಮೇಲೆ ಕಾಲು ಗಂಟೆಯಾದರೂ ಸಂಪು, ಕವರ್ ತೆಗೆಯಬೇಡಿ. ಒಳಗಿನ ಆಯಿಲ್ ಮಂಜಿಗೆ ಗಾಳಿ ಸಿಕ್ಕರೆ ಹೊತ್ತಿಕೊಳ್ಳುತ್ತದೆ.

ಕೇಳಿದವರು: ಅಳೆದಾಯಿತು. ಒಂದರಿಂದ ನಾಲ್ಕು ಸರಿ ಇವೆ, ಆರನೆಯದು 0.4 ಮಿ.ಮೀ. ಕೆಳಗಿದೆ. ಪಂಪ್ ಗೇರಿನ ಗುರುತು ಸರಿದಿಲ್ಲ. ಕೂಲರ್ ಕೋರಿನಲ್ಲಿ ಗುಳ್ಳೆ ಬರುತ್ತಿದೆ. ಡೈನೋ ಮೇಲೆ ಇಂಜಿನ್ನಿನ ಹಿಂಭಾಗ ತುಸು ತಗ್ಗಿನಲ್ಲಿತ್ತು.

ಪಂಪ್ ಕೆಲಸದವರು: ಹಾಗಾದರೆ ನೀರೇ, ತಗ್ಗಿನಲ್ಲಿದ್ದ ಹಿಂಭಾಗಕ್ಕೆ ಹರಿದಿದೆ. ಎಲ್ಲಕ್ಕೂ ಒತ್ತಡ ಹೆಚ್ಚಾಗಿ ಬಾಗಿದ್ದರೆ ಹಿಂದಿನ ಎರಡರಲ್ಲಿ ಮಾತ್ರ ಕಾಣುತ್ತಿರಲಿಲ್ಲ. ಕೋರ್ ಬದಲಿಸಿ, ಮ್ಯಾನಿಫೋಲ್ಡಿನ ತೀರಾ ತಗ್ಗಿನ ಜಾಗಕ್ಕೆ ಒಂದು ಡ್ರೇನ್ ಕಾಕ್ ಹಾಕಿ. ಪ್ರತಿ ಸ್ಟಾರ್ಟಿಗೂ ಮುಂಚೆ ಅದನ್ನು ತೆರೆದು ನೋಡಿ, ಇಂಜಿನ್ನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಸ್ಟಾರ್ಟರ್ ಮುಟ್ಟಬೇಡಿ, ನಾಜಲ್ ಬಿಚ್ಚಿ.