ಸಹಾಯ ಬೇಕು: ಸೇವಂತಿಗೆ ಗಿಡದ ತುಂಬ ಎಲೆ, ಮೊಗ್ಗು ಮಾತ್ರ ಇಲ್ಲ

ಎಲ್ಲರಿಗೂ ನಮಸ್ಕಾರ. ನನ್ನ ಸೇವಂತಿಗೆಗೆ ಇದು ಎರಡನೆಯ ವರ್ಷ. ಕಳೆದ ಸಲ ಹೂವು ಮುಗಿದ ಮೇಲೆ ಕಾಂಡಗಳನ್ನು ನಾಲ್ಕು ಬೆರಳು ಬಿಟ್ಟು ಕತ್ತರಿಸಿದ್ದೆ. ಬುಡದಿಂದ ಎದ್ದ ಮರಿಗಳನ್ನು ಬೇರುಸಹಿತ ಬಿಡಿಸಿ ಮೂರು ಕುಂಡಗಳಿಗೆ ಹಾಕಿದೆ. ಮೂರೂ ಒಂದೇ ತಾಯಿಯ ಮಕ್ಕಳು. ಮಣ್ಣು, ಗೊಬ್ಬರ, ತುದಿ ಚಿವುಟಿದ ದಿನ ಎಲ್ಲವೂ ಒಂದೇ. ಎರಡರಲ್ಲಿ ಈಗ ಕಡಲೆ ಗಾತ್ರದ ಮೊಗ್ಗುಗಳಿವೆ. ಮೂರನೆಯದು ಮೊಣಕಾಲೆತ್ತರ ಬೆಳೆದು ಕಡುಹಸಿರಾಗಿ ನಿಂತಿದೆ, ಹೂವಿನ ಸುದ್ದಿಯೇ ಇಲ್ಲ. (ಸಾರಜನಕ ಹೆಚ್ಚಾಗಿದೆ ಎನ್ನುವವರಿಗೆ: ಹಾಗಿದ್ದರೆ ಮೂರೂ ಮುನಿಸಿಕೊಳ್ಳಬೇಕಿತ್ತಲ್ಲವೇ?)

ನನ್ನ ಅನುಮಾನ ಬೇರೆ. ಆ ಕುಂಡ ಇರುವುದು ರಾತ್ರಿಯಿಡೀ ಉರಿಯುವ ಗೇಟಿನ ದೀಪದ ಕೆಳಗೆ. ಸೇವಂತಿಗೆ ಹಗಲು ಕುಗ್ಗಿ ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ. ಹೂವು ತಡವಾಗಿ ಬರಲೆಂದು ಬೆಳೆಗಾರರು ರಾತ್ರಿ ಬೇಕೆಂದೇ ದೀಪ ಹಾಕುವುದುಂಟು. ನಾನು ತಿಳಿಯದೆ ಅದನ್ನೇ ಮಾಡಿದೆನೋ ಏನೋ! ದೀಪ ಆರಿಸಲು ಮನೆಯವರು ಸುತರಾಂ ಒಪ್ಪುವುದಿಲ್ಲ.

ಈಗ ಕುಂಡವನ್ನು ಹಿತ್ತಿಲಿನ ಕತ್ತಲೆಗೆ ಸಾಗಿಸಿದರೆ ಈ ಸಲವೇ ಮೊಗ್ಗು ಬರಬಹುದೇ? ಅಥವಾ ಸಂಜೆಯಿಂದ ಬೆಳಗಿನವರೆಗೆ ಕಪ್ಪು ಬಟ್ಟೆ ಹೊದಿಸಬೇಕೇ? ಹೊದಿಸಿದವರಿದ್ದರೆ ಎಷ್ಟು ವಾರ ಹಿಡಿಯಿತು, ನಡುವೆ ಒಂದೆರಡು ದಿನ ತಪ್ಪಿದರೆ ಏನಾಯಿತು ಎಂದು ತಿಳಿಸಿ. ಎತ್ತರವಾದ ಕಾಂಡಗಳನ್ನು ಈಗ ಮತ್ತೆ ಚಿವುಟಲು ಕೈ ತುರಿಸುತ್ತಿದೆ. ಬೇಡವೆನ್ನುವುದಾದರೆ ಬೇಗ ಹೇಳಿ.