ಏರಿಳಿತವಿಲ್ಲದ ದನಿಯಲ್ಲಿ ಸಭೆಯನ್ನು ಹಿಡಿದಿಡುವುದು ಹೇಗೆ?

ಪ್ರಶ್ನೆ (ಬದಿಯಡ್ಕ): ಅಡಿಕೆಯ ಹಳದಿ ಎಲೆ ರೋಗದ ಕುರಿತು ಕೃಷಿಕರ ಸಭೆಯಲ್ಲಿ ಸ್ಲೈಡುಗಳೊಂದಿಗೆ ಮಾತನಾಡಬೇಕಾಗಿದೆ. ನನ್ನ ದನಿ ಮೊದಲಿನಿಂದಲೂ ಒಂದೇ ಶ್ರುತಿಯಲ್ಲಿ ಸಾಗುವುದರಿಂದ ಕೇಳುಗರು ಬೇಗನೆ ಮೊಬೈಲಿನತ್ತ ಕಣ್ಣು ಹಾಯಿಸುತ್ತಾರೆ. ದನಿಯನ್ನು ಬದಲಿಸದೆ ಅವರ ಆಸಕ್ತಿಯನ್ನು ಉಳಿಸಿಕೊಳ್ಳಲು ಸಾಧ್ಯವೇ?

ಉತ್ತರ (ಕುಂಬಳೆ): ಖಂಡಿತ ಸಾಧ್ಯ. ಯಕ್ಷಗಾನದ ಮಾತಿನ ಪ್ರಕಾರವಾದ ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಆದರೂ ಪಾತ್ರವಾಗಿ ಮಾತನಾಡುವ ಅರ್ಥಧಾರಿ ಕುಳಿತಲ್ಲಿಂದಲೇ ಸಭೆಯನ್ನು ಸೆಳೆಯುವುದರಲ್ಲಿ ಕಂಠದಷ್ಟೇ ಪಾಲು ಎದುರಾಳಿಗೆ ಒಡ್ಡುವ ಪ್ರಶ್ನೆಗಳಿಗೂ ಮಾತಿನ ನಡುವಿನ ಮೌನಕ್ಕೂ ಇದೆ. ತಾವೂ "ನಿಮ್ಮ ತೋಟದಲ್ಲಿ ಮೊದಲು ಹಳದಿಯಾದದ್ದು ಯಾವ ಸೋಗೆ?" ಎಂದು ಕೇಳಿ, ಉತ್ತರ ಬರುವ ತನಕ ಸುಮ್ಮನಿರಿ.

ಉತ್ತರ (ಮಂಜೇಶ್ವರ): ವಾಕ್ಯಗಳು ಚಿಕ್ಕದಾಗಿರಲಿ; ಏರಿಳಿತವಿಲ್ಲದ ದನಿಯಲ್ಲಿ ದೀರ್ಘ ವಾಕ್ಯಗಳನ್ನು ಓದಿದರೆ ಅದು ಜೋಗುಳವಾಗುತ್ತದೆ (ನಮ್ಮ ಅನೇಕ ಸ್ವಾಗತ ಭಾಷಣಗಳ ಗತಿಯೂ ಅದೇ). ಪವರ್‌ಪಾಯಿಂಟ್ ಪ್ರದರ್ಶನದ ನಡುವೆ ಕೀಬೋರ್ಡಿನ 'ಬಿ' ಒತ್ತಿದರೆ ಪರದೆ ಕಪ್ಪಾಗುತ್ತದೆ. ಆಗ ರೋಗ ತಗುಲಿದ ಸೋಗೆಯನ್ನೇ ಅವರ ಕೈಗೆ ಕೊಡಿ.

ಉತ್ತರ (ಮುಳ್ಳೇರಿಯ): ಸೋಗೆ ಬೇಡ, ಅದರೊಂದಿಗೆ ರೋಗ ಹರಡುವ ಜಿಗಿಹುಳು ಬಂದೀತು. ಉದುರಿದ ಕಾಯಿಯನ್ನು ಸಭೆಯ ಎದುರಿನಲ್ಲೇ ಸೀಳಿ, ಬಣ್ಣಗೆಟ್ಟು ಮೆತ್ತಗಾದ ತಿರುಳನ್ನು ತೋರಿಸಿದರೆ ಸಾಕು. ಆ ಬಳಿಕ ದನಿಯ ಕಡೆಗೆ ಯಾರೂ ಗಮನ ಕೊಡಲಾರರು.